ಹತ್ತು ಪಾಯಿಂಟ್ ಎರಡು

ಮೊದಲ ದಿನವೇ ತರಗತಿಯಲ್ಲಿ ಮಾತು ಕೊಡಬಾರದು. ಈ ಬುದ್ಧಿಮಾತನ್ನು ವಿಭಾಳಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಅವಳು ಕೇಳುವವಳಲ್ಲ. ಸಿ.ವಿ. ರಾಮನ್ ನಗರದಿಂದ ಬಸ್ಸಿನಲ್ಲಿ ನಿಂತೇ ಬಂದು, ಹಲಸೂರು ಕೆರೆಗೆ ಹತ್ತಿರದ ಆ ಕಾಲೇಜಿನಲ್ಲಿ ಬಿ.ಎಸ್ಸಿ. ಮೊದಲ ವರ್ಷದ ಭೌತಶಾಸ್ತ್ರದ ಮಕ್ಕಳೆದುರು ಅವಳು ನಿಂತ ದಿನ, ಮಕ್ಕಳಿಗೆ ಹೇಗೋ ಹಾಗೆ ಅವಳ ಕೆಲಸಕ್ಕೂ ಅದು ಮೊದಲ ದಿನ. ನ್ಯೂಟನ್ನನ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಪ್ರಾಕ್ಟಿಕಲ್ಸಿಗೆ ಅಂಕ ಹೇಗೆ ಕೊಡುತ್ತೀರಿ ಎಂದು ಮಾತ್ರ ಕೇಳಿದರು. ಅವಳು ಹಿಂದೆಮುಂದೆ ನೋಡದೆ ಹೇಳಿಬಿಟ್ಟಳು.

“ನಿಮ್ಮ ಕಣ್ಣಿಗೆ ಕಂಡಿದ್ದನ್ನ ಬರೆದ್ರೆ ಮಾರ್ಕ್ಸ್. ಉತ್ತರ ಪುಸ್ತಕದಲ್ಲಿರೋ ಥರಾನೇ ಇದೆಯಾ ಇಲ್ವಾ ಅಂತ ನಾನು ನೋಡೋದಿಲ್ಲ.”

ಮಕ್ಕಳು ತಲೆಯಾಡಿಸಿದರು. ಮೇಡಂ ಹೇಳಿದ್ದಕ್ಕೆ ತಲೆಯಾಡಿಸುವುದು, ಆಮೇಲೆ ಸೀನಿಯರ್‌ಗಳು ಹೇಳಿದಂತೆ ಮಾಡುವುದು, ಇದು ಎಲ್ಲ ಕಾಲೇಜುಗಳಲ್ಲೂ ನಡೆದುಬಂದ ಪದ್ಧತಿ.

ಮೊದಲ ಪ್ರಯೋಗ ಲೋಲಕದ್ದು. ದಾರಕ್ಕೆ ಹಿತ್ತಾಳೆಯ ಗುಂಡು ಕಟ್ಟಿ ತೂಗಾಡಿಸಬೇಕು, ದಾರದ ಉದ್ದವನ್ನು ಸ್ಕೇಲಿನಿಂದ ಅಳೆಯಬೇಕು, ಗುಂಡು ಹೋಗಿ ಬರುವುದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ನೋಡಬೇಕು, ಎರಡನ್ನೂ ಸೂತ್ರಕ್ಕೆ ಹಾಕಿ ಭೂಮಿಯ ಸೆಳೆತ ಇಷ್ಟು ಎಂದು ಹೇಳಬೇಕು. ಅದು 9.8 ಎಂಬುದು ಹೈಸ್ಕೂಲಿನಿಂದಲೇ ಎಲ್ಲರಿಗೂ ಬಾಯಿಪಾಠ. ಹಾಗಾಗಿ ಆ ಲ್ಯಾಬಿನಲ್ಲಿ ಪ್ರಯೋಗದ ಕ್ರಮವೇ ಬೇರೆಯಾಗಿತ್ತು. ಮೊದಲು ಹಾಳೆಯ ಕೊನೆಯಲ್ಲಿ 9.8 ಎಂದು ಬರೆಯುವುದು, ಆಮೇಲೆ ಲೆಕ್ಕವನ್ನು ಹಿಂದಿನಿಂದ ಮಾಡಿಕೊಂಡು ಬಂದು ಮೇಲಿನ ಕೋಷ್ಟಕ ತುಂಬುವುದು. ಅಳಿಯನನ್ನು ಗೊತ್ತುಮಾಡಿಕೊಂಡು ಆಮೇಲೆ ಜಾತಕ ಬರೆಸಿದ ಹಾಗೆ. ಅಂಥ ಜಾತಕ ಕೂಡಿಬರದೆ ಇರುವ ಮಾತೇ ಇಲ್ಲ.

ವಿಭಾ ಸ್ಟಾಫ್ ರೂಮಿನಲ್ಲಿ ಕುಳಿತು ಎಲ್ಲರ ಹಾಳೆಗಳನ್ನೂ ನೋಡಿದಳು. 9.8, 9.8, ಮತ್ತೆ 9.8. ಸ್ವಲ್ಪ ಚಾಲಾಕಿಗಳು 9.79 ಎಂದು ಬರೆದು, ನಿಜದಂತೆ ಕಾಣಲಿ ಎಂದು ಎರಡು ಕಡೆ ಹೊಡೆದುಹಾಕಿದ್ದರು. ಅವಳಿಗೆ ಮೈಯೆಲ್ಲ ಉರಿಯಿತು. ಹಾಗೆ ಉರಿಯುತ್ತಿರುವಾಗಲೇ ಮೊಹ್ಸಿನ್‌ನ ಹಾಳೆ ಕೈಗೆ ಬಂತು. ಶಿವಾಜಿನಗರದಿಂದ ಬರುತ್ತಿದ್ದ, ಕೊನೆಯ ಬೆಂಚಿನ ಹುಡುಗ. ಕರೆದರೆ ಮಾತ್ರ ಮಾತು. ಹಾಳೆಯ ಕೊನೆಯಲ್ಲಿ 10.2 ಎಂದಿತ್ತು. ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ, “ಮತ್ತೆ ಮತ್ತೆ ಮಾಡಿದೆ, ಹೀಗೇ ಬರ್ತಿದೆ” ಎಂದು ಬರೆದಿದ್ದ.

ಅವಳಿಗೆ ಆದ ಸಂತೋಷ ಇಷ್ಟಿಷ್ಟಲ್ಲ. ಇಡೀ ತರಗತಿಯಲ್ಲಿ ಒಬ್ಬನಾದರೂ ತನ್ನ ಮಾತು ನಂಬಿದನಲ್ಲ ಎಂದು ಅವನಿಗೆ ಹತ್ತಕ್ಕೆ ಒಂಬತ್ತು ಹಾಕಿದಳು. ಅವನು ಪ್ರಯೋಗ ಮಾಡಿದ ನಾಲ್ಕನೇ ಮೇಜಿನಲ್ಲೇ, ಅದೇ ಉಪಕರಣ ಹಿಡಿದು, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ 9.8 ಬರೆದಿದ್ದ ಐಶ್ವರ್ಯಾಗೆ ಐದು. ಐಶ್ವರ್ಯಾ ತರಗತಿಗೇ ಮೊದಲಿಗಳು ಎಂಬುದು ವಿಭಾಳಿಗೆ ಗೊತ್ತಿತ್ತು, ಗೊತ್ತಿದ್ದೇ ಹಾಕಿದಳು.

ಅಂಕಪಟ್ಟಿಗೆ ವಿಭಾಗದ ಮುಖ್ಯಸ್ಥರ ಸಹಿ ಬೇಕು. ಗುರುರಾಜ್ ಮೇಷ್ಟ್ರು ಆ ಲ್ಯಾಬಿನಲ್ಲೇ ಕೂದಲು ನರೆಸಿಕೊಂಡವರು. ಒಳ್ಳೆಯವರು, ಡಬ್ಬಿಯ ಚಿತ್ರಾನ್ನವನ್ನು ನಾಲ್ಕು ಜನಕ್ಕೆ ಹಂಚಿಯೇ ಉಣ್ಣುವವರು. ಆದರೆ 9.8ರಿಂದ ದೂರ ಹೋದ ಉತ್ತರ ಕಂಡರೆ ಅವರ ಕೆಂಪು ಪೆನ್ನು ಸುಮ್ಮನಿರುತ್ತಿರಲಿಲ್ಲ. ಸರಿ ಬರೆದವಳಿಗೆ ಐದು, ತಪ್ಪು ಬರೆದವನಿಗೆ ಒಂಬತ್ತು, ಇದು ಯಾವ ಊರಿನ ನ್ಯಾಯ ಎಂದು ಕೇಳಿದರು. ವಿಭಾ ತಾನು ಕೊಟ್ಟ ಮಾತಿನ ಸಂಗತಿ ಹೇಳಿದಳು. ಹುಡುಗ ಚೆನ್ನಾಗಿಯೇ ಮಾಡಿದ್ದಾನೆ, ಉಪಕರಣದಲ್ಲೇ ಏನಾದರೂ ದೋಷವಿರಬಹುದು ಎಂದೂ ಸೇರಿಸಿದಳು. ಗುರುರಾಜ್ ನಕ್ಕರು.

“ಅಲ್ಲಮ್ಮಾ, ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಅದೇ ಮೇಜಲ್ಲಿ ಉಳಿದೋರಿಗೆಲ್ಲ ಸರಿ ಬಂದಿಲ್ವಾ?”

ನಾಳೆ ಅಂಕ ವಿಶ್ವವಿದ್ಯಾಲಯಕ್ಕೆ ಹೋಗಬೇಕು. ಹುಡುಗ ಉತ್ತರ ತಿದ್ದಿಕೊಟ್ಟರೆ ಸರಿ, ಇಲ್ಲವಾದರೆ ನಾಲ್ಕು ಎಂದು ಹೇಳಿ ಪಟ್ಟಿಯನ್ನು ಹಿಂದಕ್ಕೆ ಕೊಟ್ಟರು.

ಕಾಲೇಜಿನಲ್ಲಿ ಗೋಡೆಗೂ ಕಿವಿ. ಸಂಜೆ ವಿಭಾ ಗೇಟಿನ ಹತ್ತಿರ ಬರುವಷ್ಟರಲ್ಲಿ ಮೊಹ್ಸಿನ್ ಅಲ್ಲಿ ಕಾದು ನಿಂತಿದ್ದ.

“ಮೇಡಂ, ನಾನೂ 9.8 ಅಂತಾನೇ ಬರ್ಕೊಂಡ್ ಬಂದ್ಬಿಡ್ತೀನಿ ಬಿಡಿ. ನನ್ನಿಂದ ನಿಮಗ್ಯಾಕೆ ತೊಂದ್ರೆ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳಿಗೆ ಹೆಚ್ಚು ನೋವಾಗಿದ್ದು. ಇವತ್ತು ಒಂದು ಸಲ ಬರೆದನೆಂದರೆ ಇನ್ನು ಜೀವಮಾನವಿಡೀ ಬರೆಯುತ್ತಾನೆ. ಬರೆಯಲು ಕಲಿಸಿದವಳು ತಾನೇ ಆಗುತ್ತೇನೆ ಎನ್ನಿಸಿತು. ನಾಳೆ ಬೆಳಿಗ್ಗೆಯವರೆಗೆ ಒಂದಕ್ಷರವನ್ನೂ ತಿದ್ದಬೇಡ ಎಂದು ಹೇಳಿ ಬಸ್ಸು ಹತ್ತಿದಳು. ಹಾಗೆಂದು ಧೈರ್ಯವೇನೂ ಇರಲಿಲ್ಲ. ಇಂದಿರಾನಗರ ದಾಟುವಷ್ಟರಲ್ಲಿ, ಹುಡುಗ ಎಣಿಸುವುದರಲ್ಲೇ ತಪ್ಪಿದ್ದರೆ ಏನು ಗತಿ ಎಂಬ ಹುಳ ತಲೆ ಹೊಕ್ಕಿತ್ತು.

ಬೆಳಿಗ್ಗೆ ನೇರವಾಗಿ ಗುರುರಾಜರ ಬಳಿ ಹೋದಳು. ವಾದ ಮಾಡಲಿಲ್ಲ. “ಸರ್, ನಾಲ್ಕನೇ ಮೇಜಲ್ಲಿ ನೀವೇ ಒಂದ್ಸಲ ಮಾಡಿ ತೋರಿಸ್ತೀರಾ? ನಿಮಗೆ 9.8 ಬಂದ್ರೆ ನಾನೇ ಮಾರ್ಕ್ಸ್ ತಿದ್ತೀನಿ” ಎಂದಳು. ಮಾಡಿ ತೋರಿಸಿ ಎಂದರೆ ಇಲ್ಲವೆನ್ನುವ ಮೇಷ್ಟ್ರು ಈ ಭೂಮಿಯ ಮೇಲೆ ಇಲ್ಲ. ಗುರುರಾಜ್ ಅಂಗಿಯ ತೋಳು ಮಡಚಿಯೇಬಿಟ್ಟರು. ಮೊಹ್ಸಿನ್, ಐಶ್ವರ್ಯಾ ಇಬ್ಬರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡರು.

ಅವರು ಕೆಲಸ ಮಾಡುವುದನ್ನು ನೋಡುವುದೇ ಚೆಂದವಾಗಿತ್ತು. ದಾರ ಕಟ್ಟಿದ ಕೈ ನಡುಗಲಿಲ್ಲ, ಗುಂಡು ಅತ್ತಿತ್ತ ವಾಲಲಿಲ್ಲ. ಅಳೆದರು, ಎಣಿಸಿದರು, ಕುರ್ಚಿ ಎಳೆದುಕೊಂಡು ಹಾಳೆ ತುಂಬತೊಡಗಿದರು. ಲೆಕ್ಕ ಮುಗಿಯಿತು. ಹುಬ್ಬು ಗಂಟಿಕ್ಕಿತು. ಎಣಿಕೆ ತಪ್ಪಿರಬೇಕು ಎಂದು ಮತ್ತೊಮ್ಮೆ ಮಾಡಿದರು. ಗಡಿಯಾರ ಸರಿಯಿಲ್ಲ ಎಂದು ಬೇರೆ ಗಡಿಯಾರ ತರಿಸಿ ಇನ್ನೊಮ್ಮೆ ಮಾಡಿದರು. ಆಮೇಲೆ ಹಾಳೆಯನ್ನೇ ನೋಡುತ್ತ ಕುಳಿತರು. ಕೊನೆಗೆ ಐಶ್ವರ್ಯಾ ಬಗ್ಗಿ ನೋಡಿ ಮೆಲ್ಲಗೆ ಹೇಳಿದಳು.

“ಸರ್, ಲೆಕ್ಕದಲ್ಲಿ 10.2 ಬಂದಿದೆ. ಕೆಳಗಡೆ ಮಾತ್ರ ಆಗ್ಲೇ 9.8 ಅಂತ ಬರೆದಿದೀರಾ.”

ಹೌದು, ಬರೆದಿದ್ದರು. ಲೆಕ್ಕ ಶುರುಮಾಡುವ ಮೊದಲೇ ಕೈ ತನ್ನ ಪಾಡಿಗೆ ತಾನು ಹಾಳೆಯ ಕೊನೆಯಲ್ಲಿ ಬರೆದು ಮುಗಿಸಿತ್ತು. ಅದು ಅವರಿಗೇ ಗೊತ್ತಾಗಿರಲಿಲ್ಲ. ವಿಭಾ ನಗು ತಡೆಯಲು ತುಟಿ ಕಚ್ಚಿಕೊಂಡಳು. ನೋಡಿದರೆ ಮೇಷ್ಟ್ರ ಮುಖ ಚಿಕ್ಕ ಮಗುವಿನದರಂತೆ ಆಗಿತ್ತು. ಅವಳ ನಗು ಅಲ್ಲೇ ನಿಂತು, ಅವರ ಮೇಲೆ ಅಕ್ಕರೆ ಹುಟ್ಟಿತು.

ಗುರುರಾಜ್ ಎದ್ದರು. ಮೇಜಿನ ಮರದ ಸ್ಕೇಲನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೊದಲ ಅಂಕಿಗಳೆಲ್ಲ ಕೈ ಸೋಕಿ ಸೋಕಿ ಅಳಿಸಿಹೋಗಿದ್ದವು. ಒಂದನೇ ಮೇಜಿನ ಸ್ಕೇಲನ್ನು ತಂದು ಪಕ್ಕಪಕ್ಕದಲ್ಲಿ ನಿಲ್ಲಿಸಿದರು. ನಾಲ್ಕನೇ ಮೇಜಿನದು ಎರಡು ಸೆಂಟಿಮೀಟರ್ ಗಿಡ್ಡ. ಯಾವ ಕಾಲದಲ್ಲೋ ಗೆದ್ದಲು ತಿಂದ, ಸೊನ್ನೆಯ ಕಡೆಯ ತುದಿಯನ್ನು ಯಾರೋ ಕತ್ತರಿಸಿ ಉಜ್ಜಿ ನುಣುಪು ಮಾಡಿದ್ದರು. ಅದರಲ್ಲಿ ಅಳೆದರೆ ದಾರ ಇರುವುದಕ್ಕಿಂತ ಉದ್ದ ಕಾಣುತ್ತಿತ್ತು, ಉತ್ತರ ಮೇಲೇರುತ್ತಿತ್ತು. ಕತ್ತರಿಸಿದ ಜಾಗ ಹೊಳಪೇರಿದ್ದನ್ನು ನೋಡಿದರೆ ಎಷ್ಟೋ ವರ್ಷಗಳ ಮಾತು ಅದು. ಅಷ್ಟು ವರ್ಷವೂ ಆ ಮೇಜಿನಿಂದ 9.8 ತಪ್ಪದೆ ಬಂದಿತ್ತು, ಗುರುರಾಜ್ ತಪ್ಪದೆ ಸಹಿ ಹಾಕಿದ್ದರು.

“ನೆಲ ಡೊಂಕೇ ಇತ್ತಲ್ಲಮ್ಮಾ” ಎಂದರು. ಮೊದಲು ನಕ್ಕವರು ಅವರೇ. ಆಮೇಲೆ ಉಳಿದವರೂ ನಕ್ಕರು. ಮೊಹ್ಸಿನ್ ಮಾತ್ರ ನಗಬಹುದೋ ಇಲ್ಲವೋ ತಿಳಿಯದೆ ಮೇಡಂ ಮುಖ ನೋಡಿದ. ಅವಳು ನಗುತ್ತಿರುವುದನ್ನು ಕಂಡ ಮೇಲೆ ಅವನೂ ನಕ್ಕ.

ಅಂಕಪಟ್ಟಿ ತರಿಸಿ ಮೇಷ್ಟ್ರು ಅಲ್ಲೇ ಸಹಿ ಹಾಕಿದರು. ಹಾಕುತ್ತಾ, ಇವನಿಗೆ ಒಂದು ಅಂಕ ಯಾಕೆ ಕಡಿಮೆ ಎಂದು ಕೇಳಿದರು. ಸ್ಕೇಲಿನ ಮೇಲೆ ಅನುಮಾನಪಡಲಿಲ್ಲವಲ್ಲ, ಅದಕ್ಕೇ ಇರಲಿ ಆ ಒಂದು ಎಂದಳು ವಿಭಾ.

“ಸರ್ವೀಸ್ ಪೂರ್ತಿ ನಾನೂ ಅನುಮಾನಪಡ್ಲಿಲ್ಲ. ನನಗೆಷ್ಟು ಕೊಡ್ತೀರಮ್ಮಾ?”

ವಿಭಾ ನಗುತ್ತ ಅಂಕಪಟ್ಟಿಯನ್ನು ಎತ್ತಿಕೊಂಡಳು. ಮೊಹ್ಸಿನ್ ಸ್ಕೇಲನ್ನು ಮೂಲೆಯ ಕಸದ ಬುಟ್ಟಿಗೆ ಹಾಕಲು ಹೋದಾಗ ಮೇಷ್ಟ್ರು ತಡೆದರು. ಅದು ನಾಲ್ಕನೇ ಮೇಜಿನಲ್ಲೇ ಇರಲಿ, ಮುಂದಿನ ವರ್ಷದವರಿಗೂ ಅದನ್ನೇ ಕೊಡೋಣ, ಅಲ್ಲಿಂದ 9.8 ತಂದವರು ಯಾರೆಂದು ಇಬ್ಬರೂ ಕೂತು ನೋಡೋಣ ಎಂದರು. ಪರೀಕ್ಷೆ ನಡೆಸಲು ಅದಕ್ಕಿಂತ ಒಳ್ಳೆಯ ಉಪಕರಣ ಆ ಲ್ಯಾಬಿನಲ್ಲಿ ಇರಲಿಲ್ಲ.

ಮುಂದಿನ ವಾರ, ಎಲ್ಲರೂ ಹೊಸ ಪ್ರಯೋಗದಲ್ಲಿ ಮುಳುಗಿದ್ದಾಗ, ಐಶ್ವರ್ಯಾ ಯಾರೂ ಹೇಳದೆಯೇ ಒಂದನೇ ಮೇಜಿನಲ್ಲಿ ಲೋಲಕ ಕಟ್ಟಿಕೊಂಡು ಒಬ್ಬಳೇ ನಿಂತಿದ್ದಳು. ಆ ಐದು ಅಂಕ ಇನ್ನು ಬದಲಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಗಂಟೆ ಹೊಡೆಯುವ ಹೊತ್ತಿಗೆ ಹಾಳೆ ತಂದು ವಿಭಾಳ ಮುಂದಿಟ್ಟಳು. ಮುತ್ತಿನಂಥ ಅಕ್ಷರ ಎಲ್ಲಿ ಹೋಗಿತ್ತೋ, ಹಾಳೆಯ ತುಂಬ ಗೀಚು, ಬೆವರಿನ ಗುರುತು. ಕೊನೆಯ ಸಾಲಿನಲ್ಲಿ 9.64 ಎಂದಿತ್ತು.

“ಇಷ್ಟೇ ಬಂತು ಮೇಡಂ” ಎಂದಳು. ಹೇಳುವಾಗ ಅವಳ ಮುಖದಲ್ಲಿ ಅಳುವೂ ಇತ್ತು, ಹೆಮ್ಮೆಯೂ ಇತ್ತು. ಹುಡುಗಿ ಮನಸ್ಸು ಬದಲಿಸಿ ತಿದ್ದಲು ವಾಪಸ್ ಕೇಳುವ ಮೊದಲೇ ವಿಭಾ ಪೆನ್ನು ತೆಗೆದು ಸಹಿ ಹಾಕಿದಳು.