ಗಾಜಿನಾಚೆಯ ತಮ್ಮ

ರೈಲು ನಿಲ್ದಾಣದ ಎದುರಿನ ಹಣ ಬದಲಾಯಿಸುವ ಅಂಗಡಿಯಲ್ಲಿ ಆ ಕ್ಯಾಷಿಯರನಿಗೆ ಕೆಲಸ ಸಿಕ್ಕಿದ್ದು ಲೆಕ್ಕದ ಜಾಣತನಕ್ಕಲ್ಲ, ನಾಲಿಗೆಗೆ. ಪರದೇಶದಲ್ಲಿ ಕನ್ನಡ ಕಿವಿಗೆ ಬಿದ್ದರೆ ಸಾಕು, ನಮ್ಮವರು ಕರಗಿ ನೀರಾಗುತ್ತಾರೆ. ಕೊಟ್ಟದ್ದನ್ನು ಎಣಿಸಿಕೊಳ್ಳಲೂ ನಾಚುತ್ತಾರೆ. ಈ ಗುಟ್ಟು ನಮಗಿಂತ ಚೆನ್ನಾಗಿ ಮಾಲೀಕನಿಗೆ ಗೊತ್ತಿತ್ತು.

ಬೋರ್ಡಿನ ಮೇಲೆ ಕಣ್ಣು ಕುಕ್ಕುವ ದರ. ಅದು ಭಾರಿ ಮೊತ್ತಕ್ಕೆ ಮಾತ್ರ ಎನ್ನುವ ಸಾಲು ಮಾತ್ರ ಇರುವೆಯಷ್ಟು ಚಿಕ್ಕದು. ಉಳಿದವರಿಗೆ ಕಾಲು ಭಾಗ ಖೋತಾ. ರಸೀದಿ ಹರಿದ ಮೇಲೆ ಬಾಯಿ ಬಡಿದುಕೊಂಡರೂ ವಾಪಸಿಲ್ಲ.

ಅಂದು ಗಂಡನ ಜೊತೆ ಬಂದವಳು ಬಟ್ಟೆ ಹೊಲಿಯುವ ಹೆಂಗಸು. ಮಗಳ ಬಾಣಂತನಕ್ಕೆಂದು ಬಂದಿದ್ದಳು. ಕ್ಯಾಷಿಯರನ ಮಾತು ಕೇಳಿದ್ದೇ ತಡ, ಮುಖ ಅರಳಿತು.

“ಅಯ್ಯೋ, ನಮ್ಮವನೇ! ರೀ, ಬನ್ನಿ ಇಲ್ಲಿ. ಊಟ ಆಯ್ತಾ ತಮ್ಮಾ? ಯಾಕೋ ಹೀಗೆ ಸೊರಗಿದೀಯ? ಇದು ಹೊಲಿಗೆ ದುಡ್ಡಪ್ಪಾ, ಮೊಮ್ಮಗೂಗೆ ತೊಟ್ಟಿಲು ತಗೋಬೇಕು.”

ಊಟ ಆಯಿತೇ ಎಂದು ಅವನನ್ನು ಯಾರೂ ಕೇಳದೆ ವರ್ಷಗಳಾಗಿದ್ದವು. ಪಕ್ಕದಲ್ಲೇ ಮಾಲೀಕ ಚಹಾ ಹೀರುತ್ತಿದ್ದ. ಮಾಲೀಕನಿಗೆ ಕನ್ನಡ ಬಾರದಿದ್ದರೂ ಮುಖ ಓದಲು ಬರುತ್ತಿತ್ತು. ಹಾಗಾಗಿ ಕ್ಯಾಷಿಯರ್ ನಗುನಗುತ್ತಲೇ ಹೇಳಿದ:

“ಅಕ್ಕಾ, ಇಲ್ಲಿ ಮೋಸ. ದುಡ್ಡು ಒಳಗಿಡಿ. ಮುಂದೆ ಬ್ಯಾಂಕಿದೆ, ಅಲ್ಲಿಗೆ ಹೋಗಿ. ಎಲ್ಲಾ ಕಳೆದು ಕೈಗೆ ಎಷ್ಟು ಬರುತ್ತೆ ಅಂತ ಮೊದಲು ಕೇಳಿ, ಆಮೇಲೆ ಕೊಡಿ.”

ಅವಳು ನಕ್ಕುಬಿಟ್ಟಳು. “ತಮಾಷೆ ನೋಡಿ ಇವನದು! ಮೋಸ ಮಾಡೋನು ಬಾಯಿಬಿಟ್ಟು ಹೇಳ್ತಾನಾ? ನೀನಿರುವಾಗ ನಂಗೇನು ಭಯ? ಹಿಡಿ.”

ನೋಟಿನ ಕಟ್ಟು ಗಾಜಿನಡಿ ತೂರಿ ಬಂತು. ಮಾಲೀಕ ಲೋಟ ಕೆಳಗಿಟ್ಟು, ರಸೀದಿ ಹರಿ ಎಂದು ಕಣ್ಸನ್ನೆ ಮಾಡಿದ.

ಒಳ್ಳೆಯ ಮಾತಿಗೆ ಬಗ್ಗದವರನ್ನು ಏನು ಮಾಡಬೇಕು? ಕ್ಯಾಷಿಯರ್ ಕಟ್ಟನ್ನು ಆಚೆ ತಳ್ಳಿ, ಗಂಟಲು ಹರಿಯುವಂತೆ ಕೂಗಿದ: “ಯಾವನ್ರೀ ನಿಮ್ಮ ತಮ್ಮ? ಖೋಟಾ ನೋಟು ತಂದು ನೆಂಟಸ್ತನ ಬೇರೆ! ನಡೀರಿ ಆಚೆ!”

ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಬಾಗಿ, ಚೆಲ್ಲಿದ ನೋಟುಗಳನ್ನು ಆಯ್ದುಕೊಂಡಳು. ಖೋಟಾ ನೋಟು ತಂದಿದ್ದರು ಎಂದು ಕ್ಯಾಷಿಯರ್ ಮಾಲೀಕನಿಗೆ ಒಪ್ಪಿಸಿದ. ಮಾಲೀಕ ಭಲೇ ಎಂದು ಬೆನ್ನು ತಟ್ಟಿದ.

ಬಾಗಿಲ ಬಳಿ ಅವಳು ಗಂಡನಿಗೆ ಹೇಳುತ್ತಿದ್ದದ್ದು ಕೇಳಿಸಿತು. “ಇನ್ಮೇಲೆ ಕನ್ನಡ ಮಾತಾಡೋರ ಹತ್ರ ಹೋಗೋದೇ ಬೇಡ ಕಣ್ರೀ.”

ಇಬ್ಬರೂ ಬ್ಯಾಂಕಿನ ಕಡೆ ನಡೆದರು. ಅವನಿಗೆ ಬೇಕಾಗಿದ್ದೂ ಅದೇ. ಆದರೂ ಒಮ್ಮೆ ತಿರುಗಿ ನೋಡಿಯಾಳೇನೋ ಎಂದು ಕುರ್ಚಿಯಿಂದ ಅರ್ಧ ಎದ್ದು ನಿಂತಿದ್ದ.

ಅವಳು ನೋಡಲಿಲ್ಲ.