ಡಿಸ್ಕಿನೊಳಗಿದ್ದ ಅಮ್ಮನ ದನಿ

ಬಟ್ಟೆ ಹೊಲಿಯುವ ಒಬ್ಬ ಹೆಂಗಸಿನ ಮನೆಯಲ್ಲಿ ಒಂದು ವಾರದಿಂದ ಕಂಪ್ಯೂಟರ್ ಮೊಂಡು ಹಿಡಿದಿತ್ತು. ಏನನ್ನು ತೆರೆಯಲು ಹೋದರೂ ತಿಣುಕುತ್ತಿತ್ತು. ಒಳಗಿನಿಂದ ಟಿಕ್, ಟಿಕ್ ಎಂದು ಸದ್ದು. ಕೊನೆಗೆ, ‘ಡಿಸ್ಕ್ ಓದಲಾಗುತ್ತಿಲ್ಲ’ ಎಂಬ ಸಾಲು.

ಅದರಲ್ಲಿ ಅವಳ ಅಮ್ಮನ ಹಾಡುಗಳಿದ್ದವು. ಪಾರ್ಶ್ವವಾಯು ಬಡಿದು ಅಮ್ಮನ ಮಾತು ನಿಂತು ಎರಡು ವರ್ಷವಾಗಿತ್ತು. ಅದಕ್ಕೂ ಮೊದಲು ಮಗಳು ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂವತ್ತು ಹಾಡು ರೆಕಾರ್ಡ್ ಮಾಡಿದ್ದಳು. ಬೇರೆಲ್ಲೂ ಅವುಗಳ ನಕಲು ಇರಲಿಲ್ಲ.

“ಇದೇ ಕೇಳ್ತಿದೆ ನೋಡು, ‘ಸರಿಪಡಿಸಲೇ?’ ಅಂತ. ಹೂಂ ಅಂದ್ರೆ ಮುಗೀತು,” ಎಂದು ಗಂಡ ಗುಂಡಿ ಒತ್ತಲು ಹೋದ.

“ತಡೀರಿ. ಅಕ್ಕನ್ನ ಒಂದು ಮಾತು ಕೇಳೋಣ.”

ಎದುರು ಸಾಲಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದವಳನ್ನು ಬೀದಿಯವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದರು. ಅವಳು ಬಂದವಳೇ ಆ ಸದ್ದು ಕೇಳಿ ಮೊದಲು ಕಂಪ್ಯೂಟರ್ ಆರಿಸಿದಳು.

“ಏನೂ ಒತ್ತಲಿಲ್ಲ ತಾನೆ?”

“ಒತ್ತೋದ್ರಲ್ಲಿದ್ದೆ,” ಎಂದ ಗಂಡ.

“ಉಳ್ಕೊಂಡ್ರಿ. ಕೆಡ್ತಿರೋ ಡಿಸ್ಕ್ ಮೇಲೆ ರಿಪೇರಿ ಮಾಡಬಾರದು, ಉಳಿದಿರೋದೂ ಹಾಳಾಗಬಹುದು. ಮೊದಲು ಪೂರ್ತಿ ನಕಲು. ರಿಪೇರಿ ಏನಿದ್ರೂ ನಕಲಿನ ಮೇಲೆ.”

“ಓದೋಕೇ ಆಗಲ್ಲ ಅಂತಿದೆ. ನಕಲು ಹೇಗೆ ಮಾಡ್ತೀರಿ?”

“ಇದರೊಳಗೆ ಸುಮಾರು ಇನ್ನೂರು ಕೋಟಿ ಪುಟ್ಟ ಪುಟ್ಟ ಖಾನೆಗಳಿವೆ. ಕೆಟ್ಟಿರೋದು ಕೆಲವೇ. ಕಂಪ್ಯೂಟರ್ ಆ ಕೆಟ್ಟ ಕಡೆಯೇ ತಲೆ ಚಚ್ಚಿಕೊಳ್ತಿದೆ. ನಾವು ಅವನ್ನ ದಾಟಿ, ಚೆನ್ನಾಗಿರೋದನ್ನೆಲ್ಲ ಮೊದಲು ತಗೊಳ್ಳೋಣ. ಕೆಟ್ಟವನ್ನ ಆಮೇಲೆ ವಿಚಾರಿಸೋಣ.”

ಅಕ್ಕ ಡಿಸ್ಕನ್ನು ಬಿಚ್ಚಿ ಅಂಗಡಿಗೆ ಒಯ್ದಳು. ಗಂಡ ನಂಬಲಿಲ್ಲ. ಆದರೂ ಹೆಂಡತಿಯ ಜೊತೆ ಅಂಗಡಿಗೆ ಹೋಗಿ ಕೂತ.

ಪರದೆಯ ತುಂಬ ಸಣ್ಣ ಚೌಕಗಳು. ನಕಲಾದಂತೆಲ್ಲ ಒಂದೊಂದೇ ಹಸಿರಾಗುತ್ತಾ ಹೋದವು. ಅಂಗೈಯಗಲದ ಒಂದು ಡಬ್ಬಿಯೊಳಗೆ ಇನ್ನೂರು ಕೋಟಿ! ಸೂಜಿಗೆ ದಾರ ಪೋಣಿಸಿಯೇ ಬದುಕಿದವಳು ರೆಪ್ಪೆ ಬಡಿಯುವುದನ್ನೂ ಮರೆತಳು. ಮಧ್ಯಾಹ್ನದ ಹೊತ್ತಿಗೆ ಪರದೆ ಹಸಿರಾಗಿ, ಅಲ್ಲಲ್ಲಿ ಕಪ್ಪು ಚುಕ್ಕೆಗಳು ಉಳಿದವು. ಯಂತ್ರ ಅವುಗಳ ಬಳಿ ಮರಳಿತು. ಮುಂದಿನಿಂದ ಓದಿತು, ಹಿಂದಿನಿಂದ ಓದಿತು. ನಾಲ್ಕು ಸಲ ಸುಮ್ಮನಿದ್ದ ಚುಕ್ಕೆ ಐದನೆಯ ಸಲ ಹಸಿರಾಯಿತು.

“ಅದೂ ಬಂತಲ್ಲ,” ಎಂದು ಗಂಡ ಪಿಸುಗುಟ್ಟಿದ.

ಮರುದಿನ ಸಂಜೆ ಲೆಕ್ಕ ಸಿಕ್ಕಿತು: ಇನ್ನೂರು ಕೋಟಿಯಲ್ಲಿ ಓದಲಾಗದೆ ಉಳಿದದ್ದು ಅರವತ್ತು.

“ಅಷ್ಟು ಜಾಗ ಖಾಲಿ ಬಿಟ್ಟಿದೀನಿ. ಸುಳ್ಳು ತುಂಬಿಲ್ಲ,” ಎಂದಳು ಅಕ್ಕ.

ನಕಲನ್ನು ಮನೆಗೆ ತಂದು ಅಮ್ಮನ ಎದುರೇ ಹಾಡು ಹಚ್ಚಿದರು. ತಮ್ಮ ದನಿ ಕೇಳಿ ಅಮ್ಮ ಕಣ್ಣು ಮುಚ್ಚಿಕೊಂಡರು. ಮೂರನೆಯ ಹಾಡು ನಡು ಸಾಲಿನಲ್ಲಿ ತಟ್ಟನೆ ನಿಂತುಹೋಯಿತು. ಓದಲಾಗದೆ ಉಳಿದ ಜಾಗ ಅದು.

ಆ ಮೌನದಲ್ಲಿ ಇನ್ನೊಂದು ದನಿ ಕೇಳಿಸಿತು. ಒಡೆದ ದನಿ, ಆದರೆ ರಾಗ ತಪ್ಪಿರಲಿಲ್ಲ. ಎರಡು ವರ್ಷದಿಂದ ಒಂದು ಮಾತೂ ಆಡದ ಅಮ್ಮ, ಬಿಟ್ಟುಹೋದ ಎರಡು ಪದಗಳನ್ನು ಹಾಡಿದ್ದರು. ಅಷ್ಟರಲ್ಲಿ ರೆಕಾರ್ಡಿನ ದನಿ ಮತ್ತೆ ಶುರುವಾಯಿತು. ಗಂಡ ಕೂತಲ್ಲಿಂದ ಎದ್ದು ನಿಂತ. ಮಗಳು ಅಮ್ಮನ ಕೈ ಹಿಡಿದುಕೊಂಡಳು. ಹಾಡು ಮುಗಿಯುವವರೆಗೂ ಬಿಡಲಿಲ್ಲ.

ಅಂದೇ ಗಂಡ ಇನ್ನೆರಡು ನಕಲು ಮಾಡಿದ. ಒಂದನ್ನು ನಾದಿನಿಯ ಮನೆಯಲ್ಲಿಟ್ಟು ಬಂದ. ಇಡುವ ಮುನ್ನ ಮೂವತ್ತೂ ಹಾಡು ಕೇಳಿ ನೋಡಿದ.

ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲೂ ಇಂಥ ಒಂದು ಡಿಸ್ಕ್ ಇರಬಹುದು. ಟಿಕ್ ಟಿಕ್ ಎಂದರೆ, ತೀರಾ ನಿಧಾನವಾದರೆ, ಆರಿಸಿಬಿಡಿ. ರಿಪೇರಿ, ಫಾರ್ಮ್ಯಾಟ್ ಎಂದು ಕೈ ಹಾಕಬೇಡಿ. ಬಲ್ಲವರ ಹತ್ತಿರ ಒಯ್ದು ಮೊದಲು ನಕಲು ಮಾಡಿಸಿ. ಸರಿಯಾಗಿಯೇ ಇದ್ದರೆ ಇನ್ನೂ ಒಳ್ಳೆಯದು, ಇವತ್ತೇ ಎರಡು ಕಡೆ ನಕಲು ಇಟ್ಟು, ತೆರೆದು ನೋಡಿ. ಬಿಟ್ಟುಹೋದದ್ದನ್ನು ಹಾಡಿ ತುಂಬುವವರು ಎಲ್ಲರ ಮನೆಯಲ್ಲೂ ಇರುವುದಿಲ್ಲ.