ಕೇಳದೆ ಮಸೆದ ಚಾಕು

ಮುರಿದ ಚಾಕುವನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಹಿಂದೆ ಮುಂದೆ ತಿರುಗಿಸಿ ನೋಡಿದ ಭಾವ ಕೊನೆಗೆ ತೀರ್ಪು ಕೊಟ್ಟರು.

"ಕಬ್ಬಿಣಾನೇ ಸರಿ ಇರ್ಲಿಲ್ಲ ಬಿಡು ಪುಟ್ಟಿ."

ಪುಟ್ಟಿಯ ಮೈಯೆಲ್ಲ ಉರಿದುಹೋಯಿತು. ಕಿವಿಯ ಪಕ್ಕ ಬಿಳಿ ಕೂದಲು ಕಾಣಿಸಿಕೊಂಡ ಮೇಲೂ ಅಕ್ಕನ ಮನೆಯಲ್ಲಿ ಅವಳು ಪುಟ್ಟಿಯೇ. ಅಕ್ಕ ಮದುವೆಯಾಗಿ ಬಂದಾಗ ಅವಳ ಬೆನ್ನಿಗೇ ಬಂದವಳು, ಇಲ್ಲೇ ಬೆಳೆದು ದೊಡ್ಡವಳಾದವಳು. ಅವಳನ್ನು ರೇಗಿಸದೆ ಭಾವನಿಗೆ ತುತ್ತು ಇಳಿಯುತ್ತಿರಲಿಲ್ಲ. ಅವಳು ನಕ್ಕರೂ ತಮಾಷೆ, ಸಿಟ್ಟಾದರೆ ಇನ್ನೂ ದೊಡ್ಡ ತಮಾಷೆ. ಹಾಗಾಗಿ ಆ ಮನೆಯಲ್ಲಿ ಅವಳು ನಿಜವಾಗಿ ಸಿಟ್ಟಾದದ್ದು ಇದುವರೆಗೆ ಯಾರಿಗೂ ಗೊತ್ತಾಗಿರಲಿಲ್ಲ.

ಆ ಚಾಕುವಿನ ಕಬ್ಬಿಣ ಎಂಥದೆಂದು ಅವಳ ಕೈಗೆ ಗೊತ್ತಿತ್ತು. ಅವಳ ಕೆಲಸ ಊರಾಚೆಯ ಕಾಡಿನ ಶಿಬಿರದಲ್ಲಿ. ಪಟ್ಟಣದಿಂದ ಬಂದವರನ್ನು ಒಳಗೆ ಕರೆದೊಯ್ದು, ಗೂಟ ಕೆತ್ತುವುದು, ಮಾಡು ಕಟ್ಟುವುದು, ಒದ್ದೆ ಸೌದೆಯಲ್ಲಿ ಬೆಂಕಿ ಎಬ್ಬಿಸುವುದು, ಇಷ್ಟನ್ನೂ ಒಂದೇ ಚಾಕುವಿನಲ್ಲಿ ಮಾಡುವುದನ್ನು ಕಲಿಸಬೇಕು. ಕೊಡಲಿ ಒಯ್ಯುವಂತಿಲ್ಲ, ಅದು ಶಿಬಿರದ ನಿಯಮ. ಮಳೆಯಲ್ಲಿ ನೆನೆದ ಕೊರಡು ಹೊರಗೆ ಒದ್ದೆಯಾಗಿದ್ದರೂ ಒಳಗೆ ಒಣಗಿಯೇ ಇರುತ್ತದೆ. ಅದರ ತಲೆಯ ಮೇಲೆ ಚಾಕುವಿನ ಬಾಯಿ ಇಟ್ಟು, ಬೆನ್ನಿಗೆ ದೊಣ್ಣೆಯಿಂದ ಬಡಿದು ಸೀಳಿದರೆ ಒಳಗಿನ ಒಣ ಮರ ಕೈಗೆ ಬರುತ್ತದೆ. ಅಷ್ಟು ಪೆಟ್ಟು ತಿನ್ನಬೇಕೆಂದರೆ ಅಲಗು ದಪ್ಪಗಿರಬೇಕು. ಅವಳ ಚಾಕು ದಪ್ಪಗೇ ಇತ್ತು, ವರ್ಷಗಟ್ಟಲೆ ತಿಂದಿತ್ತು.

ಭಾವನದು ಬೀದಿಯ ಕೊನೆಯಲ್ಲಿ ಒಂದು ಸೆಲೂನು. ಅವರ ಲೆಕ್ಕದಲ್ಲಿ ಪ್ರಪಂಚದಲ್ಲಿ ಹರಿತವೆಂಬುದು ಒಂದೇ ಬಗೆಯದು: ಕೂದಲು ತಾಕಿದರೆ ಸಾಕು, ಎರಡಾಗಬೇಕು. ನಾದಿನಿಗೆ ಒಂದು ಉಪಕಾರ ಮಾಡೋಣವೆಂದು, ಅವಳಿಗೆ ಒಂದು ಮಾತೂ ಹೇಳದೆ, ಅವಳ ಆ ಚಾಕುವನ್ನು ಸಾಣೆ ಚಕ್ರಕ್ಕೆ ಕೊಟ್ಟು ಎರಡೂ ಮಗ್ಗುಲು ತೆಳ್ಳಗೆ ಮಾಡಿಸಿ, ತಮ್ಮ ಕಲ್ಲಿನ ಮೇಲೆ ಮಸೆದು, ಚರ್ಮದ ಪಟ್ಟಿಗೂ ಉಜ್ಜಿ ಮತ್ತೆ ಒರೆಗೆ ಸೇರಿಸಿಟ್ಟಿದ್ದರು. ಅವಳು ಒರೆ ಬಿಚ್ಚಿದ್ದು ಕಾಡಿನ ನಡುವೆ, ಸುರಿಯುವ ಮಳೆಯಲ್ಲಿ. ತೆಳ್ಳಗಾದ ಅಲಗನ್ನು ಕಂಡಾಗಲೇ ಅದು ಯಾರ ಕೆಲಸವೆಂದು ಗೊತ್ತಾಯಿತು. ಬೇರೆ ದಾರಿ ಇರಲಿಲ್ಲ, ಬಡಿದಳು. ಬಾಯಿ ಮುದುಕಿಯ ಹಲ್ಲಿನಂತೆ ಉದುರಿತು. ಇನ್ನೊಂದು ಪೆಟ್ಟಿಗೆ ಅಲಗು ಅರ್ಧಕ್ಕೇ ಮುರಿದು ಕೊರಡಿನೊಳಗೆ ಉಳಿಯಿತು.

ಬೆಂಕಿ ಹತ್ತಲಿಲ್ಲ. ತಂಡದಲ್ಲಿದ್ದ ನಿವೃತ್ತ ಮೇಷ್ಟ್ರೊಬ್ಬರು ತುಟಿ ನೀಲಿಗಟ್ಟಿ ಗಡಗಡ ನಡುಗತೊಡಗಿದರು. ಕೊನೆಗೆ ಅವರನ್ನು ಹೊತ್ತುಕೊಂಡೇ ರಸ್ತೆಗೆ ಬರಬೇಕಾಯಿತು. ಶಿಬಿರದ ಯಜಮಾನ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇನ್ನೊಂದು ತಂಡ ಕರ್ಕೊಂಡು ಹೋಗು. ಜೊತೆಗೆ ನಾನೂ ಬರ್ತೀನಿ. ಬೆಂಕಿ ಹತ್ತಿದ್ರೆ ಸರಿ, ಇಲ್ಲಾಂದ್ರೆ ಕಾಡಿಗೆ ಬೇರೆಯವ್ರನ್ನ ನೋಡ್ತೀನಿ, ನೀನು ಆಫೀಸಲ್ಲಿ ಕೂತು ಫೋನ್ ಎತ್ತು" ಎಂದಿದ್ದ.

ಆ ತಂಡ ಹೊರಡುವುದು ನಾಳೆ. ಇವತ್ತು ಹೊಸ ಚಾಕು ಕೊಳ್ಳಬೇಕು.

"ಭಾವನ್ನ ಕರ್ಕೊಂಡು ಹೋಗೇ" ಎಂದಳು ಅಕ್ಕ. "ಚಾಕು ಚೂರಿ ವಿಷಯ ಅವರಿಗೆ ಗೊತ್ತಾಗುತ್ತೆ."

"ಗೊತ್ತಾಗಿದ್ದಕ್ಕೇ ಹೀಗಾಗಿದ್ದು" ಎಂದಳು ಪುಟ್ಟಿ. ಅಷ್ಟರಲ್ಲಿ ಭಾವ ಚಪ್ಪಲಿ ಮೆಟ್ಟಿಯಾಗಿತ್ತು.

ಅಂಗಡಿಯಲ್ಲಿ ಹಗ್ಗ, ಡೇರೆ, ಟಾರ್ಚು, ಮೀನಿನ ಗಾಳ ಎಲ್ಲ ನೇತುಬಿದ್ದಿದ್ದವು. ಗಾಜಿನ ಪೆಟ್ಟಿಗೆಯೊಳಗೆ ಚಾಕುಗಳು. ಅಂಗಡಿಯವನು ಇಬ್ಬರನ್ನೂ ನೋಡಿದ, ಭಾವನಿಗೆ ನಮಸ್ಕಾರ ಮಾಡಿದ.

"ಕಾಡಿಗೆ ಒಯ್ಯೋ ಚಾಕು ಬೇಕು" ಎಂದಳು ಪುಟ್ಟಿ.

"ಇದನ್ನ ನೋಡಿ ಸಾರ್" ಎಂದು ಅವನು ಮೊಣಕೈಯುದ್ದದ ಒಂದನ್ನು ಭಾವನ ಮುಂದಿಟ್ಟ. ಬೆನ್ನ ಮೇಲೆ ಗರಗಸದ ಹಲ್ಲು, ಟೊಳ್ಳು ಹಿಡಿ, ಹಿಡಿಯ ತುದಿಗೆ ದಿಕ್ಸೂಚಿ. "ಹಿಡಿ ಬಿಚ್ಚಿದ್ರೆ ಒಳಗೆ ಸೂಜಿ ದಾರ, ಬೆಂಕಿಕಡ್ಡಿ ಎಲ್ಲಾ ಇದೆ."

"ಹಿಡಿ ಟೊಳ್ಳಾದ್ರೆ ಅಲಗನ್ನ ಹಿಡ್ಕೊಂಡಿರೋದು ಏನು?" ಪುಟ್ಟಿ ಕೇಳಿದಳು. "ಒಂದು ಮೊಳೆ. ನಾಲ್ಕು ಸಲ ಬಡಿದ್ರೆ ಹಿಡಿ ನನ್ನ ಕೈಲಿ, ಅಲಗು ಮರದಲ್ಲಿ. ಸೂಜಿ ದಾರದಲ್ಲಿ ಹೊಲಿದು ಜೋಡಿಸ್ಲಾ?"

ಅಂಗಡಿಯವನು ಭಾವನ ಕಡೆ ನೋಡಿ ನಕ್ಕ. ಭಾವ ಅವನ ಕಡೆ ನೋಡಿ ನಕ್ಕರು. ಅವಳ ಮಾತು ಇಬ್ಬರ ನಡುವೆ ಚೆಂಡಿನಂತೆ ಹೋಗಿ ಬಂದು ಕೆಳಗೆ ಬಿತ್ತು.

"ಮೇಡಮ್ಮಿಗೆ ಹಗುರವಾದ್ದು ಬೇಕೇನೋ. ಇದು ಮಡಚೋದು ಸಾರ್, ಬ್ಯಾಗಲ್ಲಿ ಹಿಡಿಯುತ್ತೆ."

"ಮಡಚೋದು ಬೇಡ. ಪೆಟ್ಟು ಬಿದ್ದಾಗ ಅದು ಮಡಚಿಕೊಳ್ಳೋದು ನನ್ನ ಬೆರಳಿನ ಮೇಲೆ." ಅವಳು ಗಾಜಿನ ಮೇಲೆ ಬೆರಳಿಟ್ಟಳು. "ಅದನ್ನ ತೆಗೀರಿ. ಮೂಲೇಲಿ ಇರೋ ಕಪ್ಪಗಿನದನ್ನ."

"ಅದು ಹೊಳಪಿಲ್ಲ ಮೇಡಂ, ತುಕ್ಕೂ ಹಿಡಿಯುತ್ತೆ."

"ಎಣ್ಣೆ ಹಚ್ಕೋತೀನಿ. ತೆಗೀರಿ."

ಅದರ ಅಲಗು ಅವಳ ಅಂಗೈಯ ಅಗಲಕ್ಕಿಂತ ಸ್ವಲ್ಪ ಉದ್ದ, ಅಷ್ಟೇ. ಗೂಟದ ಕಚ್ಚು ಕೆತ್ತಲು ಅದಕ್ಕಿಂತ ಉದ್ದ ಬೇಡ, ಕೊರಡು ಸೀಳಲು ಅದಕ್ಕಿಂತ ಗಿಡ್ಡವಾಗಬಾರದು. ಅಲಗಿನ ಉಕ್ಕೇ ಹಿಡಿಯ ಕೊನೆಯವರೆಗೂ ಒಂದೇ ತುಂಡಾಗಿ ಸಾಗಿತ್ತು, ಎರಡೂ ಕಡೆ ಮರದ ಹಲಗೆ ಕೂರಿಸಿ ಬಿಗಿದಿದ್ದರು. ಬೆನ್ನಿನ ಅಂಚು ಚೌಕವಾಗಿತ್ತು. ಬೆಂಕಿ ಹೊತ್ತಿಸುವ ಲೋಹದ ಕಿಡಿಕಡ್ಡಿಯನ್ನು ಅದಕ್ಕೆ ಉಜ್ಜಿದರೆ ಕಿಡಿ ಹಾರುತ್ತದೆ, ಅಲಗಿನ ಬಾಯಿಯನ್ನು ಸವೆಸಬೇಕಿಲ್ಲ. ಹಿಡಿದು ನೋಡಿದಳು. ಹಿಡಿ ಅಂಗೈಗೆ ತುಂಬಿಕೊಂಡಿತು. ಕಣ್ಣು ಮುಚ್ಚಿ ಗಾಳಿಯಲ್ಲೇ ಕೆತ್ತುವಂತೆ ಕೈಯಾಡಿಸಿದಳು. ಮೈಮೇಲೆ ಕೂತಿದ್ದ ಸಿಟ್ಟು ಆ ಒಂದು ಗಳಿಗೆ ಕೆಳಗಿಳಿದು ನಿಂತಿತು.

"ಕೊಡಿಲ್ಲಿ" ಎಂದು ಭಾವ ಅದನ್ನು ಅವಳ ಕೈಯಿಂದ ಎತ್ತಿಕೊಂಡೇಬಿಟ್ಟರು. ತೋಳು ಮಡಚಿ ಮುಂಗೈಯ ಕೂದಲ ಮೇಲೆ ಅಲಗನ್ನು ಎಳೆದರು. ಒಂದು ಕೂದಲೂ ಬೀಳಲಿಲ್ಲ. "ಅಯ್ಯೋ, ಇದ್ರಲ್ಲಿ ಬೆಣ್ಣೇನೂ ಕುಯ್ಯಕ್ಕಾಗಲ್ಲ! ಇರ್ಲಿ ಬಿಡು, ಮನೆಗೆ ಹೋಗಿ ಒಂಚೂರು ಕಲ್ಲಿಗೆ ತೋರಿಸ್ತೀನಿ..."

"ಮುಟ್ಟಿದ್ರೆ ನೋಡಿ!"

ಅಂಗಡಿಯ ಆ ತುದಿಯಲ್ಲಿ ಹಗ್ಗ ಅಳೆಯುತ್ತಿದ್ದವರೂ ತಿರುಗಿ ನೋಡಿದರು. ಅವಳ ದನಿ ಅವಳಿಗೇ ಹೊಸದಾಗಿತ್ತು. ಭಾವ ಚಾಕುವನ್ನು ಗಾಜಿನ ಮೇಲಿಟ್ಟರು. ಆಮೇಲೆ ಅಂಗಡಿಯವನಿಗೆ ಕಣ್ಣು ಹೊಡೆದರು. "ನಮ್ಮ ನಾದಿನೀಗೆ ಸಿಟ್ಟು ಬಂದ್ರೆ ಮೂಗು ಟೊಮೇಟೊ ಥರ ಆಗುತ್ತೆ, ನೋಡಿ ನೋಡಿ."

ಪುಟ್ಟಿ ಹಲ್ಲು ಕಚ್ಚಿ ಹಣ ಕೊಟ್ಟು, ಚಾಕುವನ್ನು ಎದೆಗವಚಿಕೊಂಡು ಹೊರಗೆ ಬಂದಳು. ದಾರಿಯುದ್ದಕ್ಕೂ ಭಾವ ಟೊಮೇಟೊ ವಿಷಯವನ್ನೇ ಎತ್ತಿದರು.

ಮನೆಗೆ ಬಂದವಳು ಚಾಕುವನ್ನು ತನ್ನ ಚೀಲದ ತಳದಲ್ಲಿ, ಬಟ್ಟೆಗಳ ಕೆಳಗೆ ತುರುಕಿ, ಸ್ನಾನಕ್ಕೆ ಹೋದಳು. ತಲೆ ಒರೆಸಿಕೊಳ್ಳುತ್ತ ಬಂದು ನೋಡಿದರೆ ಚೀಲದ ಬಾಯಿ ತೆರೆದಿತ್ತು. ಬಟ್ಟೆಗಳನ್ನು ಅಚ್ಚುಕಟ್ಟಾಗಿ ಮತ್ತೆ ಮಡಿಸಿಟ್ಟಿದ್ದರು. ಚಾಕು ಇರಲಿಲ್ಲ.

"ಅಕ್ಕಾ!"

"ಅವರು ಸೆಲೂನಿಗೆ ಒಯ್ದ್ರು ಕಣೇ. ಬರೀ ಒಂದ್ಸಲ..."

"ನೀನು ಕೊಟ್ಟೆಯಾ?"

"ಕೂಗಾಡ್ಬೇಡ. ಅವರೇನು ಹಗೆತನಕ್ಕೆ ಮಾಡ್ತಾರಾ? ಪ್ರೀತಿಯಿಂದ ತಾನೇ ಮಾಡೋದು?"

"ಪ್ರೀತಿ ಇದ್ರೆ ಕೇಳಬಾರದು ಅಂತ ಇದೆಯಾ? ನನ್ನ ಚೀಲಕ್ಕೆ ಕೈ ಹಾಕಿ, ಬಟ್ಟೆ ಮಡಿಸಿಟ್ಟು, ಆಹಾ, ಎಂಥ ಪ್ರೀತಿ!"

ಒದ್ದೆ ಕೂದಲು ಬೆನ್ನಿಗೆ ಅಂಟಿಕೊಂಡಿರುವಂತೆಯೇ ಅವಳು ಬೀದಿಗಿಳಿದಳು. ಕಾಲಿಗೆ ಸಿಕ್ಕಿದ ಚಪ್ಪಲಿಯಲ್ಲಿ ಒಂದು ಅವಳದು, ಒಂದು ಅಕ್ಕನದು.

ಸೆಲೂನಿನ ಕುರ್ಚಿಯಲ್ಲಿ ಅಂಚೆಯವನು ಕೂತಿದ್ದ. ಮುಖದ ಒಂದು ಕಡೆ ಬೋಳಿಸಿ ನುಣ್ಣಗಾಗಿತ್ತು, ಇನ್ನೊಂದು ಕಡೆ ಸೋಪಿನ ನೊರೆ. ಕಪಾಟಿನ ಮೇಲೆ ಮಸೆಯುವ ಕಲ್ಲಿಗೆ ನೀರು ಚಿಮುಕಿಸಿಟ್ಟಿತ್ತು, ಪಕ್ಕದಲ್ಲೇ ಅವಳ ಚಾಕು. ಅದನ್ನು ಎತ್ತಿ ಬೆಳಕಿಗೆ ಹಿಡಿದಳು. ಬಾಯಿ ಹಾಗೇ ಇತ್ತು. ಗಿರಾಕಿ ಬಂದದ್ದರಿಂದ ಉಳಿದಿತ್ತು, ಅಷ್ಟೇ. ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಮುಗಿದಿರುತ್ತಿತ್ತು.

"ಬಂದ್ಯಾ? ಕೂತ್ಕೋ, ಇವರದ್ದು ಮುಗಿಸಿ ನಿಂದು ಹಿಡೀತೀನಿ" ಎಂದರು ಭಾವ, ತಿರುಗಿ ನೋಡದೆ ಬ್ರಷ್ಷು ತೊಳೆಯುತ್ತ.

ಬಹಳ ಜನಕ್ಕೆ ಭಾವ ಬ್ಲೇಡು ಹಾಕುವ ಹಿಡಿಯಲ್ಲೇ ಬೋಳಿಸುತ್ತಿದ್ದರು. ಹಳೆಯ ಗಿರಾಕಿಗಳಿಗೆ ಮಾತ್ರ ಅವರ ಗುರು ಕೊಟ್ಟ ಆ ಹಳೆಯ ಕ್ಷೌರದ ಕತ್ತಿ. ಅದಕ್ಕೆ ಬೇರೆ ಬಟ್ಟೆ, ಬೇರೆ ಡಬ್ಬಿ. ಅಕ್ಕ ಕೂಡ ಅದನ್ನು ಮುಟ್ಟಿದವಳಲ್ಲ. ಈಗ ಅದು ಬಿಳಿ ಟವಲಿನ ಮೇಲೆ ತೆರೆದುಕೊಂಡು ಮಲಗಿತ್ತು.

ಪುಟ್ಟಿ ತನ್ನ ಚಾಕುವನ್ನು ಸೊಂಟಕ್ಕೆ ಸಿಕ್ಕಿಸಿ, ಆ ಕತ್ತಿಯನ್ನು ಎತ್ತಿಕೊಂಡಳು. ಬಾಗಿಲಿಗೆ ಹೋಗಿ, ಮೆಟ್ಟಿಲಿನ ಒರಟು ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಕತ್ತಿಯ ಬಾಯಿಯನ್ನು ಕಲ್ಲಿನಿಂದ ಕೂದಲೆಳೆಯಷ್ಟು ದೂರ ಹಿಡಿದಳು.

"ಭಾವ, ಇದು ತೀರಾ ತೆಳ್ಳಗಿದೆ. ಸ್ವಲ್ಪ ಉಜ್ಜಿ ದಪ್ಪ ಮಾಡಿಕೊಡ್ತೀನಿ. ಗಟ್ಟಿಯಾಗಿರುತ್ತೆ."

ಭಾವನ ಕೈಯಿಂದ ಬ್ರಷ್ಷು ಬಿತ್ತು.

"ಪುಟ್ಟೀ!"

"ನೀವು ಕೆಲಸ ನೋಡ್ಕೊಳ್ಳಿ. ನಾನು ಪ್ರೀತಿಯಿಂದಾನೇ ಮಾಡ್ತಿರೋದು."

"ತಮಾಷೆ ಮಾಡ್ಬೇಡ ಕಣೇ!"

"ತಮಾಷೆ ಮಾಡೋದು ನೀವು. ನಾನು ಯಾವತ್ತು ಮಾಡಿದ್ದೆ?"

"ಅದು ನನ್ನ ಕತ್ತಿ! ಅನ್ನ ಕೊಡೋ ಕತ್ತಿ! ನನ್ನ ಕೇಳ್ದೆ ಅದನ್ನ ಯಾರೂ..."

ಮಾತು ಅಲ್ಲೇ ನಿಂತಿತು. ಅಂಚೆಯವನ ಕೆನ್ನೆಯಿಂದ ಒಂದು ಮುದ್ದೆ ನೊರೆ ಜಾರಿ ಅವನ ತೊಡೆಯ ಮೇಲೆ ಬಿತ್ತು. "ನನ್ನ ಇನ್ನೊಂದು ಕೆನ್ನೆ ಏನಾಗ್ಬೇಕು ಸ್ವಾಮಿ?" ಎಂದ ಅವನು, ಮೆಲ್ಲಗೆ. ಯಾರೂ ನಗಲಿಲ್ಲ.

ಪುಟ್ಟಿ ಉಜ್ಜಿಬಿಡಬಹುದಿತ್ತು. ಮೇಷ್ಟ್ರ ನೀಲಿ ತುಟಿ, ಯಜಮಾನನ ಮೆತ್ತನೆಯ ದನಿ, ಕಚೇರಿಯ ಕಿಟಕಿಯಿಲ್ಲದ ಮೂಲೆಯಲ್ಲಿ ಬಡಿದುಕೊಳ್ಳುವ ಫೋನು, ಎಲ್ಲ ಅವಳ ಮಣಿಕಟ್ಟಿಗೆ ಇಳಿದು ನಿಂತಿದ್ದವು.

"ನನಗೂ ನನ್ನ ಚಾಕೂನೇ ಅನ್ನ ಕೊಡೋದು" ಎಂದಳು. "ಈಗ ಹೇಳಿ. ನನ್ನ ಹಳೇ ಚಾಕು ಯಾಕೆ ಮುರೀತು?"

ಭಾವ ಕೈ ಒರೆಸಿಕೊಂಡರು. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡರು. ನಗು ಹುಡುಕುವವರಂತೆ ಕನ್ನಡಿಯ ಕಡೆ ನೋಡಿದರು, ಅಲ್ಲೂ ಸಿಗಲಿಲ್ಲ.

"ಕಬ್ಬಿಣ ಸರಿ ಇತ್ತು" ಎಂದರು ಕೊನೆಗೆ. "ನಾನೇ ತೆಳ್ಳಗೆ ಮಾಡಿಸ್ದೆ."

"ಯಾರನ್ನ ಕೇಳಿ?"

"ಯಾರನ್ನೂ ಕೇಳ್ಲಿಲ್ಲ."

ಅವಳು ಎದ್ದಳು. ಕತ್ತಿಯನ್ನು ಟವಲಿನ ಮೇಲೆ ಮೊದಲಿದ್ದ ಹಾಗೇ ಇಟ್ಟಳು. ಸಿಟ್ಟು ಇಳಿಯುತ್ತದೆ ಎಂದುಕೊಂಡಿದ್ದಳು, ಇಳಿಯಲಿಲ್ಲ. ಈ ಎರಡು ಮಾತನ್ನು ಆಡಿಸಲು ಇಷ್ಟೆಲ್ಲ ಆಗಬೇಕಾಯಿತಲ್ಲ ಎಂದು ಅದು ಇನ್ನಷ್ಟು ಏರಿತು. ಅಂಚೆಯವನಿಗೆ ಮಾತ್ರ "ಕ್ಷಮಿಸಿ" ಎಂದು ಹೊರಟಳು.

ಮರುದಿನ ಕಾಡಿನಲ್ಲಿ ಮಳೆ ಹಿಡಿದೇ ಇತ್ತು. ತಂಡದವರು ಟಾರ್ಪಾಲಿನ ಕೆಳಗೆ ಕೋಳಿಗಳಂತೆ ಒತ್ತಿಕೊಂಡು ನಿಂತಿದ್ದರು. ಯಜಮಾನ ಕೈ ಕಟ್ಟಿಕೊಂಡು ಒಂದು ಕಡೆ ನಿಂತ. ಪುಟ್ಟಿ ಬಿದ್ದಿದ್ದ ಒಂದು ಕೊರಡನ್ನು ಆರಿಸಿ ನೆಟ್ಟಗೆ ನಿಲ್ಲಿಸಿದಳು. ಚಾಕುವಿನ ಬಾಯಿ ಇಟ್ಟಳು. ದೊಣ್ಣೆ ಎತ್ತಿದಾಗ ಮುರಿದ ಅಲಗು ಕಣ್ಣ ಮುಂದೆ ಬಂತು. ಬಡಿದಳು. ಮತ್ತೆ ಮತ್ತೆ ಬಡಿದಳು. ಭಾವನಿಗೊಂದು, ಅಂಗಡಿಯವನಿಗೊಂದು, ಚೀಲ ಬಿಚ್ಚಿ ಕೊಟ್ಟ ಅಕ್ಕನಿಗೊಂದು. ಕೊರಡು ಸಟಕ್ಕನೆ ಎರಡಾಯಿತು. ಒಳಗೆ ಬೆಳ್ಳಗೆ ಒಣಗಿದ ಮರ.

ಅದನ್ನು ಮತ್ತೆ ಸೀಳಿ, ಕಡ್ಡಿ ಮಾಡಿ, ಕಡ್ಡಿಯ ತುದಿಯಲ್ಲಿ ತೆಳು ಸುರುಳಿಗಳನ್ನು ಎಬ್ಬಿಸಿದಳು. ಅಂಗಿಯೊಳಗಿಂದ ಕಿಡಿಕಡ್ಡಿ ತೆಗೆದು ಚಾಕುವಿನ ಬೆನ್ನಿಗೆ ಎಳೆದಳು. ಕಿಡಿ ಬಿತ್ತು, ಆರಿತು. ಯಜಮಾನ ಗಂಟಲು ಸರಿಮಾಡಿಕೊಂಡ. ಅವಳು ಅವನ ಕಡೆ ನೋಡಲಿಲ್ಲ. ಮತ್ತೆ ಎಳೆದಳು. ಒಂದು ಸುರುಳಿ ಕೆಂಪಗಾಗಿ ಮುದುಡಿತು, ಪಕ್ಕದ್ದಕ್ಕೆ ಹಬ್ಬಿತು, ಹೊಗೆಯ ನಡುವಿನಿಂದ ಹಳದಿ ನಾಲಿಗೆ ಎದ್ದಿತು. ಟಾರ್ಪಾಲಿನ ಕೆಳಗಿನಿಂದ ಹೋ ಎಂದು ಕೂಗು ಎದ್ದಿತು.

"ಪರವಾಗಿಲ್ಲ" ಎಂದ ಯಜಮಾನ ಹತ್ತಿರ ಬಂದು. "ಮುಂದಿನ ತಂಡಾನೂ ನೀನೇ ಕರ್ಕೊಂಡು ಬಾ. ಈ ಸಲ ಚಾಕು ಒಳ್ಳೇದು ಸಿಕ್ಕಿದೆ ನೋಡು."

ಸಿಕ್ಕಿದೆಯಂತೆ! ಪುಟ್ಟಿಯ ಮೂಗು ಕೆಂಪಗಾಯಿತು.

"ಸಿಕ್ಕಿದ್ದಲ್ಲ. ಆರಿಸಿದ್ದು" ಎಂದಳು.

ಅವನು ಆಗಲೇ ಬಗ್ಗಿ ಚಾಕುವಿಗೆ ಕೈ ಚಾಚಿದ್ದ. ಅವಳು ಹಿಡಿಯ ಮೇಲೆ ತನ್ನ ಕೈ ಇಟ್ಟಳು.

"ಕೇಳಿ ತಗೋಬೇಕು."

ಯಜಮಾನ ಅವಳ ಮುಖ ನೋಡಿದ. ತಂಡದವರೂ ನೋಡುತ್ತಿದ್ದರು. "ಸರಿ ತಾಯಿ. ಒಂದು ನಿಮಿಷ ಕೊಡ್ತೀಯಾ, ನೋಡಿ ಕೊಡ್ತೀನಿ?"

"ಇಲ್ಲ" ಎಂದಳು ಪುಟ್ಟಿ. "ಕೆಲಸ ಇದೆ." ಇನ್ನೊಂದು ಕೊರಡನ್ನು ಎಳೆದುಕೊಂಡಳು.